ಮೀಟರಿನ ಕೊಸರು

ಆದರೆ ಆಗ ಅಡುಗೆಮನೆಯಲ್ಲಿ ಬಲ್ಬು ಇತ್ತೇ? ಇತ್ತು ಎಂದುಕೊಂಡರೆ ಅಮ್ಮನ ಮುಖದ ಮೇಲೆ ಹಳದಿ ಬೆಳಕು. ಇರಲಿಲ್ಲ ಎಂದುಕೊಂಡರೆ ಅದೇ ಮುಖದ ಮೇಲೆ ಒಲೆಯ ಕೆಂಪು. ನೆನಪು ಎರಡನ್ನೂ ತೋರಿಸಿ ಯಾವುದು ಬೇಕು ಎನ್ನುತ್ತದೆ. ಹಳದಿಯೇ ಇರಲಿ. ಗಲಾಟೆ ಎದ್ದದ್ದೇ ಆ ಬಲ್ಬಿನಿಂದ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ದಿನಗಳು. ಹಾಸನದ ಕಡೆಯಿಂದ ಬಂದ ಅಜ್ಜ ಕುಶಾಲನಗರದ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆಯೇ ಮನೆ. ಕರೆಂಟು ಬಂದಾಗ ಅಂಗಡಿಗೊಂದು, ನಡುಮನೆಗೊಂದು ದೀಪ ಸಾಕೆಂದರು. ಅಮ್ಮ ಕೇಳಿ ಕೇಳಿ ಅಡುಗೆಮನೆಗೂ ಒಂದು ಹಾಕಿಸಿಕೊಂಡಳು, ಷರತ್ತಿನ ಮೇಲೆ: ಬಿಲ್ಲು ಏರಿದರೆ ಅದನ್ನು ಬಿಚ್ಚಿಸುವುದು.

ಹಾಗಾಗಿ ಇಡೀ ಮನೆ ಕತ್ತಲೆಯನ್ನು ಕೂಡಿಡತೊಡಗಿತು. ಅಮ್ಮ ಒಗ್ಗರಣೆಗೆಂದು ಸ್ವಿಚ್ಚು ಒತ್ತಿ, ಸಾಸಿವೆ ಸಿಡಿದದ್ದೇ ಆರಿಸುವಳು. ಮೀಟರಿನೊಳಗಿನ ಚಕ್ರ ನಿಂತಿತೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಅದು ನಿಂತಾಗಲೆಲ್ಲ ನಾವೇನೋ ಗೆದ್ದ ಹಾಗೆ.

ಬಿಲ್ಲು ಬಂತು. ಹಿಂದಿನ ತಿಂಗಳಿನದೇ ಮೊತ್ತ, ಒಂದು ಕಾಸೂ ಕಡಿಮೆಯಿಲ್ಲ. ಮೀಟರ್ ಓದಲು ಬರುತ್ತಿದ್ದಾತ ಬಿಡಿಸಿ ಹೇಳಿದ: ಇಷ್ಟು ಯೂನಿಟ್ಟಿನವರೆಗೆ ಉರಿಸಿದರೂ ಅಷ್ಟೇ, ಉರಿಸದಿದ್ದರೂ ಅಷ್ಟೇ, ಅದಕ್ಕೆ ಮಿನಿಮಮ್ ಅಂತಾರೆ.

ಅಜ್ಜ ಗೋಣಿಚೀಲದ ಮೇಲೆ ಕುಳಿತುಬಿಟ್ಟರು. “ಅಂದ್ರೆ ಸೇರಿಗೆ ಕಾಸು ಕೊಟ್ಟು ಅರ್ಧ ಸೇರು ಹೊತ್ಕಂಡು ಬಂದಂಗಾಯ್ತಲ್ಲಪ್ಪಾ.”

ಮರುದಿನದಿಂದ ನಮ್ಮ ಮನೆಯಲ್ಲಿ ಹಗಲೂ ದೀಪ. ಕೊಟ್ಟ ಕಾಸಿಗೆ ಬೆಳಕು ಪೂರಾ ಬರಬೇಕು. ನಡುಮಧ್ಯಾಹ್ನ ಬಲ್ಬಿನ ಕೆಳಗೆ ಅವರೆಕಾಳು ಆರಿಸಿದೆವು. ಅಜ್ಜ ಪಕ್ಕದ ದರ್ಜಿಯನ್ನು ಕರೆದು ನಡುಮನೆಯಲ್ಲೇ ಕಾಜ ಹೊಲಿಯಲು ಕೂರಿಸಿದರು. ಆತ ಬಿಸಿಲಲ್ಲೇ ಚೆನ್ನಾಗಿ ಕಾಣುತ್ತದೆ ಎಂದರೂ ಬಿಡಲಿಲ್ಲ. ಬೆಕ್ಕು ಮಲಗಿದ ಮೂಲೆಗೂ ಬೆಳಕು. ಅಜ್ಜ ಮೀಟರಿನ ಮುಂದೆ ನಿಂತು, ಏರು ಹತ್ತುವ ಎತ್ತನ್ನು ಹುರಿದುಂಬಿಸುವಂತೆ ಚಕ್ರವನ್ನು ಹುರಿದುಂಬಿಸುತ್ತಿದ್ದರು. ಅಥವಾ ಎತ್ತಿನ ಮಾತು ನಾನೀಗ ಸೇರಿಸಿದ್ದೋ ಏನೋ. ನಗುತ್ತಿದ್ದದ್ದಂತೂ ನಿಜ, ಎಲ್ಲರೂ, ದರ್ಜಿಯೂ.

ನಗದವಳು ಅಮ್ಮ ಒಬ್ಬಳೇ. ತಿಂಗಳು ಮುಗಿಯುವ ಮೊದಲೇ ಅಂಕಿ ಆ ಮಿತಿಯ ಹತ್ತಿರ ಬಂದಿತ್ತು.

“ಮಾವ, ಸಾಕು ಮಾಡಿ. ದಾಟಿದ್ರೆ ಬಿಲ್ಲು ಏರ್ತದೆ, ನನ್ ಬಲ್ಬು ಹೋಗ್ತದೆ.”

“ದಾಟ್ಲಿ ಬಿಡವ್ವಾ. ಅಳೆದ್ ಮೇಲೆ ಕೊಸರು ಹಾಕ್ದೇ ಇರೋ ಯಾಪಾರ ಎಲ್ಲೈತೆ?”

ಅಜ್ಜನ ಅಂಗಡಿಯಲ್ಲಿ ಸೇರು ತುಂಬಿಸಿ ಕೈಯಿಂದ ಸವರಿದ ಮೇಲೆ ಇನ್ನೊಂದು ಹಿಡಿ ಬೀಳುತ್ತಿತ್ತು. ಅದು ಕೊಸರು. ಅದಕ್ಕೆ ಬೆಲೆ ಕಟ್ಟುವವನು ವ್ಯಾಪಾರಿಯೇ ಅಲ್ಲ. ಮೀಟರೂ ಒಂದು ಅಳತೆ ತಾನೇ?

ಮೀಟರ್ ಓದುವಾತ ಬಂದ. ಅಜ್ಜ ಬಾಯಿಬಿಟ್ಟು ಕೇಳಲಿಲ್ಲ. ಅವನೆದುರೇ ಒಂದು ಸೇರು ಹುರಿಗಡಲೆ ಅಳೆದರು, ಸವರಿದರು, ಮೇಲೊಂದು ಹಿಡಿ ಸುರಿದರು, ಅವನ ಮುಖ ನೋಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಜ್ಜಾ, ನಾನು ಅಳೆಯೋನಲ್ಲ, ಓದೋನು” ಎಂದು ಅವನು ನಕ್ಕ. ಓದಿದ, ಬರೆದುಕೊಂಡ, ಕಡಲೆ ಮುಟ್ಟದೆ ಹೋದ.

ಬಿಲ್ಲು ಬಂದಾಗ ಮೊತ್ತ ಏರಿರಲಿಲ್ಲ. ಬಲ್ಬು ಉಳಿಯಿತು. ಸರಕಾರವೂ ಕೊಸರು ಕೊಡುತ್ತದೆಂದು ಅಜ್ಜ ಪೇಟೆಯಿಡೀ ಸಾರಿದರು. ಅಮ್ಮ ಆ ಸಂಜೆ ಅಡುಗೆಮನೆಯ ದೀಪ ಹಾಕಿ, ಒಗ್ಗರಣೆ ಆದ ಮೇಲೂ ಆರಿಸಲಿಲ್ಲ.

ಅವನು ಒಂದು ಹಿಡಿ ಬಿಟ್ಟು ಬರೆದುಕೊಂಡನೋ, ಅಜ್ಜ ಅಂಗಡಿಯಲ್ಲಿದ್ದಾಗ ಅಮ್ಮ ಸದ್ದಿಲ್ಲದೆ ದೀಪ ಆರಿಸುತ್ತಿದ್ದಳೋ, ಅಥವಾ ಅಂಕಿ ಮಿತಿ ದಾಟಿರಲೇ ಇಲ್ಲವೋ, ನನಗೆ ಗೊತ್ತಿಲ್ಲ.