ಜಗಲಿಯಲ್ಲಿ ಗೆದ್ದು ಗುಡಿಯಲ್ಲಿ ಸೋತದ್ದು

ನಮ್ಮೂರ ಫುಟ್‌ಬಾಲ್ ತಂಡ ಗೆದ್ದ ದಿನ ಯಾರೂ ನಮ್ಮ ಮನೆಗೆ ಬರುತ್ತಿರಲಿಲ್ಲ. ಆಟಗಾರರನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ, ದೋಸೆ ತಿಂದು, ಅಲ್ಲಿಂದಲೇ ಅವರವರ ಮನೆ ಸೇರಿಕೊಳ್ಳುತ್ತಿದ್ದರು. ಸೋತ ದಿನ ಮಾತ್ರ ಎಲ್ಲರಿಗೂ ನಮ್ಮ ಜಗಲಿ ನೆನಪಾಗುತ್ತಿತ್ತು. ತಂಡದ ಕೋಚ್ ನಮ್ಮ ಮನೆಯವರು. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ಸಂಜೆ ಮತ್ತು ಭಾನುವಾರ ಊರ ತಂಡಕ್ಕೆ ಆಟ ಹೇಳಿಕೊಡುತ್ತಿದ್ದರು.

ಮೈದಾನ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮಹಡಿ ಮೇಲೆ ನಿಂತರೆ ಬೆಟ್ಟದ ಕಡೆಯ ಗೋಲು ಪೂರ್ತಿ ಕಾಣುತ್ತದೆ, ಈಚೆಯದು ಅರ್ಧ. ಪಂದ್ಯ ಮುಗಿಯುವ ಮೊದಲೇ ಬಟ್ಟೆ ಮಡಿಸಿಟ್ಟು, ಸಂಜೆಗೆ ಎಷ್ಟು ಹಾಲು ಬೇಕಾಗುತ್ತದೆಂದು ಲೆಕ್ಕ ಹಾಕಿಕೊಂಡು ಕೆಳಗಿಳಿಯುತ್ತಿದ್ದೆ. ಸಾಲಾಗಿ ಸೋತ ಆ ಚಳಿಗಾಲದಲ್ಲಿ ಹಾಲಿನವಳಿಗೂ ನಮ್ಮ ತಂಡದ ಸ್ಥಿತಿ ಗೊತ್ತಾಗಿಬಿಟ್ಟಿತ್ತು. "ಇವತ್ತೂ ಹೆಚ್ಗೆ ಹಾಕ್ಲೇನಮ್ಮ?" ಎಂದು ಕೇಳುವಾಗ ಅವಳ ದನಿಯಲ್ಲಿ ಸಾವಿನ ಮನೆಗೆ ಬಂದವರ ಮೃದುತ್ವ ಇರುತ್ತಿತ್ತು.

ಚಳಿಗಾಲದ ಭಾನುವಾರಗಳಲ್ಲಿ ನಾಲ್ಕು ತಾಲ್ಲೂಕಿನ ತಂಡಗಳು ಆಡುವುದು ನಮ್ಮ ಕಡೆಯ ವಾಡಿಕೆ. ಶಿರಾದವರು ಹಿಂದಿನಿಂದಲೂ ಬಲವಾದವರು. ಸೋಲಾರ್ ಪಾರ್ಕ್ ಬಂದ ಮೇಲೆ ಅಲ್ಲಿ ಕೆಲಸಕ್ಕೆ ಸೇರಿದ, ಓಡಿ ದಣಿಯದ ಹುಡುಗರು ಪಾವಗಡದವರಿಗೂ ಸಿಕ್ಕಿದ್ದರು. ನಾವು ಕಣ್ಣು ಮುಚ್ಚಿಕೊಂಡು ಗೆಲ್ಲುತ್ತಿದ್ದುದು ಕೊರಟಗೆರೆಯ ಮೇಲೆ ಮಾತ್ರ. ಆ ವರ್ಷ ಕೊರಟಗೆರೆಯ ಮೇಲೂ ಸೋತೆವು.

ನಮ್ಮ ಮನೆಯವರು ಹಳಬರನ್ನೆಲ್ಲ ತಂಡದಿಂದ ಬಿಡಿಸಿ, ಕೊಡಿಗೇನಹಳ್ಳಿ, ದೊಡ್ಡೇರಿ ಕಡೆಯಿಂದ ಆಗಷ್ಟೇ ಪಿಯುಸಿ ಮುಗಿಸಿದ ಹುಡುಗರನ್ನು ತಂದಿದ್ದರು. ಗೋಲ್ ಕಾಯಲು ಪಾವಗಡ ತಾಲ್ಲೂಕಿನ ರಾಯಚರ್ಲಿನ ತೆಲುಗು ಮಾತಿನ ಹುಡುಗನನ್ನು ಕರೆದುಕೊಂಡಿದ್ದರು. "ಮೂರು ವರ್ಷ ಕೊಡಿ, ಶಿರಾದವರನ್ನು ಶಿರಾದಲ್ಲೇ ಸೋಲಿಸುವ ತಂಡ ಕೊಡ್ತೀನಿ" ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಆ ಮೂರು ವರ್ಷ ಅವರಿಗೆ ಸಿಗುತ್ತದೋ ಇಲ್ಲವೋ ಎನ್ನುವುದೇ ಕೊರಟಗೆರೆಯ ಮೇಲೆ ಸೋತ ಆ ಸಂಜೆಯ ಪ್ರಶ್ನೆಯಾಗಿತ್ತು.

ನಮ್ಮ ಜಗಲಿಗೊಂದು ಕಟ್ಟಳೆ ಇತ್ತು. ಹಿಂದಿನ ಕೋಚ್‌ಗಳ ಜಗಲಿಗಳಿಂದ ಬಂದದ್ದಂತೆ. ಸೋತ ದಿನ, ಬಂದವರೆಲ್ಲ ಟೀ ಕುಡಿದು ಗ್ಲಾಸು ಕೆಳಗಿಡುವವರೆಗೆ ಕೋಚ್ ಬಾಯಿ ತೆರೆಯುವಂತಿಲ್ಲ. ಮೊದಲು ಊರಿನವರ ಮಾತು, ಆಮೇಲೆ ಅವನ ಉತ್ತರ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅಭಿಮಾನಿಗಳ ಮುಂದಾಳು, ಪೇಟೆ ಬೀದಿಯ ಬಟ್ಟೆ ಅಂಗಡಿ ಯಜಮಾನರು, ಹಣೆಯ ವಿಭೂತಿ ಬೆವರಿಗೂ ಅಳಿಸದ ಶಿಸ್ತಿನ ಮನುಷ್ಯ, ಕೊನೆಯ ಗುಟುಕನ್ನು ಗ್ಲಾಸಿನಲ್ಲೇ ಉಳಿಸಿಕೊಂಡು ಕೂರುತ್ತಿದ್ದರು. ಅದಕ್ಕೆ ಕೆನೆ ಕಟ್ಟುತ್ತಿತ್ತು. ಕೆನೆ ಸುಕ್ಕಾಗುತ್ತಿತ್ತು. ಆ ಗುಟುಕು ಇರುವಷ್ಟು ಹೊತ್ತು ನಮ್ಮ ಮನೆಯವರು ತಲೆ ತಗ್ಗಿಸಿಕೊಂಡು ಬೈಸಿಕೊಳ್ಳಬೇಕಾಗಿತ್ತು. ಬಾಗಿಲ ಹಿಂದಿನಿಂದ ನಾನು ಆ ಗ್ಲಾಸನ್ನೇ ನೋಡುತ್ತಿದ್ದೆ.

ಕೊರಟಗೆರೆಯ ಮೇಲೆ ಸೋತ ಸಂಜೆ ಮಾತು ಶುರು ಮಾಡಿದವನು ಒಬ್ಬ ಆಟೋ ಡ್ರೈವರ್. ಹಿಂದಿನ ವರ್ಷದವರೆಗೆ ತಂಡದಲ್ಲಿ ಮುಂದೆ ನಿಂತು ಆಡುತ್ತಿದ್ದವನು, ಇವರು ಕೈಬಿಟ್ಟವರಲ್ಲಿ ಮೊದಲನೆಯವನು.

"ಮೂರ್ ವರ್ಷ ಅಂತವ್ರಲ್ಲ ಮೇಷ್ಟ್ರು, ಅಷ್ಟೊತ್ಗೆ ನನ್ ಮಗ್ಳೇ ಆಡ್ತಾಳೆ ಬುಡಿ."

"ಅಂಗಡೀಲಿ ನಾನೂ ಹೊಸಾ ಮಾಲು ಇಕ್ತೀನಪ್ಪ," ಎಂದರು ಯಜಮಾನರು. "ಹಳೇದು ಖಾಲಿ ಆಗೋಗಂಟ ಹೊಸ್ದುನ್ನ ಮುಂದುಕ್ ಇಕ್ಕಲ್ಲ. ಇವ್ರು ಹಳೇ ಮಾಲ್ನೆಲ್ಲ ಒಂದೇ ಸಲ ಬೀದಿಗ್ ಬಿಸಾಕ್ಬುಟ್ರು."

"ಹಳೇ ಮಾಲು ಅಂದಿದ್ದು ನಂಗಾ ಯಜಮಾನ್ರೆ?"

"ನಿನ್ ಹೊಟ್ಟೆ ಒಂದ್ಸಲ ನೋಡ್ಕಂಡು ನೀನೇ ಹೇಳ್ಲಾ."

ಎಲ್ಲರೂ ನಕ್ಕರು. ಆಟೋದವನೂ ನಗುತ್ತಲೇ ಶರ್ಟು ಕೆಳಗೆಳೆದುಕೊಂಡ. ನಕ್ಕ ಮೇಲೆ ಮತ್ತೆ ಇವರ ಕಡೆಗೇ ತಿರುಗಿದ.

"ಗೋಲಿಗೂ ನಮ್ಮೂರಾಗೆ ಗಂಡ್ಸು ಸಿಗಲಿಲ್ವಾ? ಆ ರಾಯಚರ್ಲೋನು ಗೋಲ್ ಬಿಟ್ಬುಟ್ಟು 'ಅಯ್ಯೋ ದೇವುಡಾ' ಅಂತಾನೆ. ದೇವುಡು ಬಂದು ಬಾಲ್ ಹಿಡೀತಾನಾ?"

ಕಂಬದ ಹತ್ತಿರ ಕಂಬಳಿ ಹೊದ್ದು ಕೂತಿದ್ದವರು ದೊಡ್ಡೇರಿ ಕಡೆಯ ಕುರಿ ಸಾಕುವ ಹಿರಿಯರು. ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಅವರು ಟೀ ಊದಿ ಊದಿ ಕುಡಿದು ಗ್ಲಾಸು ಕೆಳಗಿಟ್ಟರು.

"ಮರಿ ತಂದ ವಾರಕ್ಕೇ ಸಂತೆಗ್ ಹೊಡ್ಯಕಾಗ್ತದಾ? ಬೆಳೀಬೇಕು ಕಣ್ರಪ್ಪ. ಆದ್ರೆ ಮೇವಿಲ್ದಿದ್ ಮರಿ ಮೂರ್ ವರ್ಷ ಆದ್ರೂವೆ ಮರೀನೇ."

ಆ ಮಾತಿಗೆ ಯಾರೂ ಕಿವಿ ಕೊಡಲಿಲ್ಲ. ನಾನು ಕೊಟ್ಟೆ. ಆ ಹುಡುಗರು ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಸ್ ಸ್ಟ್ಯಾಂಡಿನಿಂದ ಮೈದಾನಕ್ಕೆ ನಡೆಯುತ್ತ ಬಾಳೆಹಣ್ಣು ತಿನ್ನುವುದನ್ನು ಮಹಡಿಯಿಂದ ಎಷ್ಟೋ ಭಾನುವಾರ ಕಂಡಿದ್ದೆ. ಮೊದಲರ್ಧದಲ್ಲಿ ಜಿಂಕೆಗಳಂತೆ ಇರುತ್ತಿದ್ದರು. ಎರಡನೆಯರ್ಧದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ನಾವು ತಿಂದ ಗೋಲುಗಳೆಲ್ಲ ಆ ಹೊತ್ತಿನವೇ. "ಪಂದ್ಯದ ದಿನ ಅವರಿಗೆ ಇಲ್ಲೇ ಅನ್ನ ಮಾಡಿ ಹಾಕ್ತೀನಿ, ಬೇಗ ಬರಕ್ಕೆ ಹೇಳಿ" ಎಂದು ಇವರಿಗೆ ಹೇಳಿದ್ದೆ. "ಅದೆಲ್ಲ ಸಣ್ಣ ವಿಷಯ ಕಣೇ. ನಾನು ದೊಡ್ಡದಾಗಿ ಯೋಚನೆ ಮಾಡ್ತಿದೀನಿ" ಎಂದಿದ್ದರು. ಇವರ ಯೋಜನೆಯಲ್ಲಿ ಮೂರು ವರ್ಷಕ್ಕೆ ಜಾಗವಿತ್ತು, ಮಧ್ಯಾಹ್ನದ ಊಟಕ್ಕೆ ಇರಲಿಲ್ಲ.

ಕೊನೆಗೂ ಯಜಮಾನರು ಆ ಗುಟುಕು ಮುಗಿಸಿದರು.

ಇವರು ಎದ್ದು ಖಾಲಿ ಗ್ಲಾಸುಗಳನ್ನೆಲ್ಲ ಒಟ್ಟುಮಾಡಿ ಜಗಲಿಯ ಮೇಲೆ ಆಟಗಾರರಂತೆ ಜೋಡಿಸಿದರು. ಇಲ್ಲಿ ಗೋಲ್ ಕಾಯುವವನು, ಇಲ್ಲಿ ಹಿಂದಿನವರು, ಇಲ್ಲಿ ನಡುವಿನವರು. ಈಗ ಹೀಗೆ ಚೆದುರಿ ಓಡುತ್ತಿದ್ದಾರೆ, ಮುಂದಿನ ವರ್ಷಕ್ಕೆ ಹೀಗೆ ಹತ್ತಿರವಾಗುತ್ತಾರೆ, ಅದರ ಮುಂದಿನ ವರ್ಷ ಶಿರಾದವರ ನಡುವೆ ಹೀಗೆ ತೂರುತ್ತಾರೆ ಎಂದು ಸರಿಸಿ ಸರಿಸಿ ತೋರಿಸಿದರು. ತರಗತಿಯಲ್ಲಿ ಇವರು ಹೇಗೆ ಪಾಠ ಮಾಡುತ್ತಾರೆಂದು ನಾನು ಕಂಡಿರಲಿಲ್ಲ. ಆವತ್ತು ಕಂಡೆ. ದನಿ ಏರಿಸಲಿಲ್ಲ, ಯಾರನ್ನೂ ಹಳಿಯಲಿಲ್ಲ. ಆಟೋದವನೇ ಮುಂದೆ ಬಗ್ಗಿ ಒಂದು ಗ್ಲಾಸು ಸರಿಸಿ, "ಇಲ್ಲೊಬ್ನು ನಿಂತ್ಕಂಡ್ರೆ?" ಎಂದ. "ಅದೇ, ಅದೇ," ಎಂದು ಇವರು ಅವನ ಭುಜ ತಟ್ಟಿದರು.

"ಆಯ್ತು ಬುಡಿ ಮೇಷ್ಟ್ರೆ," ಎಂದರು ಯಜಮಾನರು. "ನೀವ್ ಹೇಳದೂ ಸರಿಯಾಗೈತೆ. ಬರೋ ವರ್ಷಗಂಟ ನೋಡಾನ."

ಒಳಗೆ ನಾನು ಉಸಿರು ಬಿಟ್ಟೆ. ಅಲ್ಲಿಗೆ ಮುಗಿಯಬೇಕಾಗಿತ್ತು.

ಚಪ್ಪಲಿ ಮೆಟ್ಟುತ್ತ ಆಟೋದವನು ಒಂದು ಮಾತು ಹೇಳಿದ. "ಗ್ಲಾಸ್ಗೆ ಉಸ್ರು ಕಟ್ಟಲ್ವಲ್ಲ ಮೇಷ್ಟ್ರೆ, ಅದ್ಕೇ ಗೆಲ್ತಾವೆ."

ಮತ್ತೆ ನಗು. ಅದರಲ್ಲಿ ವಿಷವಿರಲಿಲ್ಲ, ಮನೆಗೆ ಹೊರಟವರ ನಗು ಅದು. ಆದರೆ ಇವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

"ನನ್ನ ಮಾತು ನಂಬದಿದ್ರೆ ಬಿಡಿ," ಎಂದರು. "ಶುಕ್ರವಾರ ಅಮ್ಮನ ಗುಡೀಲಿ ಹೂವು ಕೇಳೋಣ. ಬಲಕ್ಕೆ ಬಿದ್ರೆ ಮೂರು ವರ್ಷ ಯಾರೂ ಸೊಲ್ಲೆತ್ತಬಾರದು. ಎಡಕ್ಕೆ ಬಿದ್ರೆ ಅಲ್ಲೇ ವಿಸಿಲ್ ಬಿಚ್ಚಿ ಕೊಡ್ತೀನಿ."

ಹೆಣ್ಣು ಕೊಡುವುದೋ ಬೇಡವೋ, ಬೋರ್‌ವೆಲ್ ಎಲ್ಲಿ ಕೊರೆಸುವುದು, ಕೋರ್ಟಿಗೆ ಹೋಗುವುದೋ ರಾಜಿಯಾಗುವುದೋ, ಇಂಥವಕ್ಕೆಲ್ಲ ನಮ್ಮಲ್ಲಿ ಹೂವು ಕೇಳುತ್ತಾರೆ. ಪೂಜಾರಿ ಒದ್ದೆ ಹೂಗಳನ್ನು ಅಮ್ಮನ ಎರಡು ಕಡೆಗೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಇಲ್ಲ. ಫುಟ್‌ಬಾಲಿಗೆ ಕೇಳಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೆ ಅಮ್ಮನ ಹೆಸರೆತ್ತಿದ ಮೇಲೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಯಜಮಾನರು ಕೈಮುಗಿದು "ಅಂಗೇ ಆಗ್ಲಿ" ಎಂದರು.

"ಅವರು ಒಪ್ಪಿದ್ರಲ್ಲ ರೀ, ಯಾಕೆ ಹಂಗಂದ್ರಿ?" ಎಂದು ಆಮೇಲೆ ಕೇಳಿದೆ.

"ಅಮ್ಮ ನ್ಯಾಯದ ಕಡೆ ಇರ್ತಾಳೆ. ನಿಂಗೆ ಈ ಆಟದ ವಿಷಯ ಗೊತ್ತಾಗಲ್ಲ ಬಿಡು."

ತುಮಕೂರಿನ ಕಾನ್ವೆಂಟಿನ ಫುಟ್‌ಬಾಲ್ ತಂಡದಲ್ಲಿ ಎಡಗಡೆ ಹಿಂದೆ ನಿಂತು ಆಡಿದವಳು ನಾನು. ಮದುವೆಯಾದ ಹೊಸತರಲ್ಲಿ ಇವರಿಗೆ ಹೇಳಿದ್ದೆ, ಮಗುವಿನ ಮಾತು ಕೇಳಿದವರಂತೆ ನಕ್ಕಿದ್ದರು. ನಮಗೆ ಆಟ ಕಲಿಸಿದವರು ಕೇರಳದ ಒಬ್ಬ ಸಿಸ್ಟರ್. ಬಿಳಿ ಉಡುಪನ್ನು ಕೆಮ್ಮಣ್ಣು ತಾಗದಂತೆ ಎತ್ತಿ ಹಿಡಿದುಕೊಂಡು ನಮ್ಮ ಜೊತೆ ಓಡುತ್ತ ಕೂಗುತ್ತಿದ್ದರು: ಚೆಂಡು ನಿನ್ನ ಕಾಲಲ್ಲಿರುವಾಗ ಆಕಾಶ ನೋಡಬೇಡ. ಆವತ್ತು ಇವರು ನೋಡಿದ್ದು ಆಕಾಶವನ್ನೇ.

ಶುಕ್ರವಾರ ಗುಡಿಗೆ ಹೋದಾಗ ಕರೆಂಟಿರಲಿಲ್ಲ. ಎರಡು ಎಣ್ಣೆ ದೀಪಗಳ ಬೆಳಕಿನಲ್ಲಿ ಅಮ್ಮನ ಬೆಳ್ಳಿ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಪೂಜಾರಿ ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ ಅಂಟಿಸಿ, "ಮೇಷ್ಟ್ರು ತಂಡದಾಗಿರಾದು ನಿನಗ್ ಒಪ್ಗೇನಾ ತಾಯಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಅವನೂ ಪಂದ್ಯಕ್ಕೆ ಬರುವವನೇ. ನಮ್ಮವರು ಒಗೆದ ಬಿಳಿ ಪಂಚೆಯುಟ್ಟು ಕೈಮುಗಿದು ನಿಂತಿದ್ದರು. ಕೊರಳಲ್ಲಿ ವಿಸಿಲು ಇತ್ತು. ತೆಗೆಯಬೇಕಾಗುವುದಿಲ್ಲ ಎನ್ನುವ ನಂಬಿಕೆಯಲ್ಲೇ ಹಾಕಿಕೊಂಡು ಬಂದಿದ್ದರು. ಆಟೋದವನು ಉಗುರು ಕಚ್ಚುತ್ತಿದ್ದ. ಕುರಿ ಹಿರಿಯರು ಒಳಗೆ ಬಂದಿರಲಿಲ್ಲ. "ನಾನ್ ಎಲ್ಲಾರ ಎಕ್ಕಡ ಕಾಯ್ತೀನಿ ಕಣಮ್ಮ, ನೀವ್ ಓಗಿ" ಎಂದು ಬೇವಿನ ಮರದಡಿ ಚಪ್ಪಲಿಗಳ ಪಕ್ಕ ಕೂತುಬಿಟ್ಟಿದ್ದರು.

ಹೂವು ಅಲುಗಲಿಲ್ಲ. ಪೂಜಾರಿ ಮತ್ತೊಮ್ಮೆ ಗಂಟೆ ಬಾರಿಸಿದ. ಬಲಗಡೆಯ ಹೂವು ಒಂದು ಎಳೆಯಷ್ಟು ಜಾರಿದ್ದನ್ನು ನಾನು ನೋಡಿದೆ. ಒಂದು ಹನಿ ನೀರು ಅದರ ತುದಿಯಲ್ಲಿ ನಿಂತಿತ್ತು.

ಅಷ್ಟರಲ್ಲಿ ಕರೆಂಟು ಬಂತು.

ಬಲ್ಬು ಹತ್ತಿಕೊಂಡಿತು. ಎಡಗೋಡೆಗೆ ಹಾಕಿದ್ದ ಫ್ಯಾನು ಕರಕರ ಎಂದು ತಿರುಗತೊಡಗಿತು. ಎಡಗಡೆಯ ಹೂವು ನಡುಗಿ ಅಮ್ಮನ ಸೀರೆಯ ನಿರಿಗೆಯ ಮೇಲೆ ಬಿತ್ತು.

"ಬೆಳಕು ಕೊಟ್ಟು ಹೇಳ್ಬುಟ್ಲಲ್ಲಪ್ಪ ತಾಯಿ," ಎಂದು ಯಜಮಾನರು ಕೆನ್ನೆ ತಟ್ಟಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ನಮ್ಮವರು ವಿಸಿಲು ಬಿಚ್ಚಿ ಮಂಗಳಾರತಿ ತಟ್ಟೆಯಲ್ಲಿಟ್ಟರು. ಪೂಜಾರಿ ಅದಕ್ಕೂ ಒಂದು ಚಿಟಿಕೆ ಕುಂಕುಮ ಹಾಕಿದ.

ದಾರಿಯಲ್ಲಿ ಹೇಳಿದೆ. "ಫ್ಯಾನ್ ಗಾಳಿಗೆ ಬಿತ್ತು ರೀ. ನಾನು ಕಣ್ಣಾರೆ ನೋಡಿದೆ."

"ಗಾಳಿ ಯಾರದೇ? ಅದೂ ಅವಳದೇ ಅಲ್ವಾ?"

ಇಂಥ ಮಾತಿಗೆ ಉತ್ತರವಿಲ್ಲವೆಂದು ಗೊತ್ತಿದ್ದೇ ಗಂಡಸರು ಇಂಥ ಮಾತು ಆಡುತ್ತಾರೆ. ಮನುಷ್ಯರ ಮುಂದೆ ಸೋತೆ ಎನ್ನುವುದಕ್ಕಿಂತ ದೇವರ ಮುಂದೆ ಸೋತೆ ಎನ್ನುವುದು ಅವರಿಗೆ ಹಗುರವಾಗಿರಬೇಕು. ಆದರೆ ಮನುಷ್ಯರ ಮುಂದೆ ಅವರು ಸೋತಿರಲೇ ಇಲ್ಲ.

"ಆ ಹುಡುಗರಿಗೆ ಯಾರು ಹೇಳ್ತಾರೆ?" ಎಂದು ಕೇಳಿದೆ. ಅವರು ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ನಡೆದರು.

ಯಾರೂ ಹೇಳಲಿಲ್ಲ. ಭಾನುವಾರ ಹುಡುಗರು ಎಂದಿನಂತೆ ಬಸ್ಸಿನಲ್ಲಿ ನಿಂತುಕೊಂಡೇ ಬಂದರು. ಮೈದಾನದಲ್ಲಿ ಹಳಬರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಹೊಸ ಕೋಚ್, ಊರಲ್ಲಿ ಜಿಮ್ ಇಟ್ಟುಕೊಂಡಿರುವ ಯುವಕ. ಹುಡುಗರು ನಮ್ಮ ಬಾಗಿಲಿಗೆ ಬಂದು ಜೆರ್ಸಿಗಳನ್ನು ಬಿಚ್ಚಿ ಮಡಿಸಿ ಜಗಲಿಯ ಮೇಲಿಟ್ಟರು. ಇವರು ಒಳಗೆ ಮಲಗಿದ್ದರು, ಎದ್ದು ಬರಲಿಲ್ಲ. ನಾನು ಎಲ್ಲರನ್ನೂ ಕೂರಿಸಿ ಅನ್ನ, ಸೊಪ್ಪಿನ ಸಾರು ಬಡಿಸಿದೆ. ಎರಡನೆಯ ಸಲ ಅನ್ನ ಹಾಕುವಾಗ ಯಾರೂ ಸಾಕು ಎನ್ನಲಿಲ್ಲ. ಮೂರನೆಯ ಸಲವೂ ಎನ್ನಲಿಲ್ಲ. "ಪರವಾಲೇದು ಮೇಡಂ, ನೀವ್ ಬೇಜಾರ್ ಮಾಡ್ಕೋಬೇಡಿ" ಎಂದು ಕೈ ತೊಳೆಯುತ್ತ ನನಗೇ ಸಮಾಧಾನ ಹೇಳಿದವನು ರಾಯಚರ್ಲಿನ ಗೋಲ್‌ಕೀಪರ್.

ಹಳಬರು ಪಾವಗಡದ ಮೇಲೆ ಸೋತರು, ಶಿರಾದ ಮೇಲೆ ಇನ್ನೂ ಕೆಟ್ಟದಾಗಿ ಸೋತರು. ಹೊಸ ಕೋಚ್ ಬಾಡಿಗೆಗಿರುವುದು ಮಹಡಿ ಮನೆಯಲ್ಲಿ, ಅಲ್ಲಿ ಜಗಲಿಯಿಲ್ಲ. ಹಾಗಾಗಿ ಶಿರಾದಲ್ಲಿ ಸೋತ ಸಂಜೆ ಎಲ್ಲರೂ ಮತ್ತೆ ನಮ್ಮಲ್ಲಿಗೇ ಬಂದರು. ಏನೂ ಆಗಿಲ್ಲವೆಂಬಂತೆ ಯಜಮಾನರು ತಮ್ಮ ಜಾಗದಲ್ಲಿ ಕೂತರು. "ಅಕ್ಕ, ಟೀಗೆ ಶುಂಠಿ ಜಾಸ್ತಿ ಹಾಕಕ್ಕ" ಎಂದ ಆಟೋದವನು. ಹೊಸ ಕೋಚ್ ಮೆಟ್ಟಿಲ ಮೇಲೆ ಕೂತು ತನ್ನ ಸರದಿಗೆ ಕಾಯತೊಡಗಿದ. ಅವನ ಬೂಟಿನ ತುಂಬ ಶಿರಾದ ಮಣ್ಣು.

ನಾನು ಟೀ ಕೊಟ್ಟು ಬಾಗಿಲ ಹಿಂದೆ ನಿಂತೆ. ನಮ್ಮ ಮನೆಯವರೂ ಈಗ ಊರಿನವರ ಸಾಲಿನಲ್ಲಿ ಕೂತಿದ್ದರು. ಬಹಳ ದಿನಗಳ ಮೇಲೆ ಮುಖದಲ್ಲಿ ಕಳೆಯಿತ್ತು.

"ಎರಡು ವರ್ಷ ಟೈಮ್ ಬೇಕಂತೆ ಇವನಿಗೆ," ಎಂದರು ಯಜಮಾನರ ಕಡೆ ತಿರುಗಿ. "ಎರಡು ವರ್ಷ ಯಾರು ಕಾಯ್ತಾರೆ? ಜನಕ್ಕೆ ಇವತ್ತಿನ ಆಟ ಬೇಕು. ದೊಡ್ಡ ದೊಡ್ಡ ಯೋಜನೆ ಹಾಕೋದು ಸುಲಭ."

"ಅಂಗ್ ಹೇಳಿ ಮೇಷ್ಟ್ರೆ," ಎಂದರು ಯಜಮಾನರು.

ಕುರಿ ಹಿರಿಯರು ಕಂಬಳಿ ಸರಿಪಡಿಸಿಕೊಂಡು ಬೇರೆ ಕಡೆ ನೋಡಿದರು. ಒಬ್ಬೊಬ್ಬರೇ ಗ್ಲಾಸು ಕೆಳಗಿಟ್ಟರು. ಆ ಸಲ ಯಜಮಾನರೂ ಬೇಗ ಇಟ್ಟರು. ಹೊಸ ಕೋಚ್ ಮಾತಾಡಲೆಂದು ಗಂಟಲು ಸರಿಮಾಡಿಕೊಂಡವನು ಮತ್ತೆ ತಲೆ ತಗ್ಗಿಸಿದ. ಒಂದು ಗ್ಲಾಸು ಇನ್ನೂ ಕೈಯಲ್ಲೇ ಇತ್ತು. ತಳದಲ್ಲಿ ಒಂದೇ ಗುಟುಕು, ಅದರ ಮೇಲೆ ಕೆನೆ. ನಮ್ಮ ಮನೆಯವರು ಅದನ್ನು ಮೆಲ್ಲಗೆ ತಿರುಗಿಸುತ್ತ ಮಾತು ಮುಂದುವರಿಸುತ್ತಿದ್ದರು.

ಹದಿನಾರು ಜನ ನೋಡುತ್ತಿದ್ದಂತೆಯೇ ನಾನು ಹೊರಗೆ ಹೋಗಿ ಆ ಗ್ಲಾಸಿಗೆ ಕೈ ಹಾಕಿದೆ.

"ಇನ್ನೂ ಕುಡಿದಿಲ್ಲ ಕಣೇ," ಎಂದರು.

"ಆರಿಹೋಗಿದೆ, ಕೊಡಿ," ಎಂದೆ.

ಅವರ ಬೆರಳುಗಳಿಂದ ಬಿಡಿಸಿಕೊಂಡು ತಂದು ನಲ್ಲಿಯಡಿ ಹಿಡಿದೆ. ನೀರಿನ ಸದ್ದಿನಲ್ಲಿ ಆ ಯುವಕ ಏನು ಹೇಳಿದನೋ ನನಗೆ ಕೇಳಿಸಲಿಲ್ಲ.