ಕಿರೀಟ ತೊಟ್ಟ ರಕ್ತಪಿಶಾಚಿ

ನನ್ನ ಮಗಳು ಸಿನಿಮಾ ತೆಗೆಯುತ್ತೇನೆ ಅಂದಾಗ ನಾನು ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ತೋಳು ಕೂರಿಸುವಾಗ ನನ್ನ ಹತ್ತಿರ ಯಾರೂ ಮಾತಾಡಬಾರದು ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಅದೇ ಹೊತ್ತು ನೋಡಿಕೊಂಡು ಬಂದಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವ ಅಮ್ಮ ಬೈಯಲಾರಳು ಎಂಬ ಲೆಕ್ಕಾಚಾರ.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮಗಳು ದಿನಾ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಕಡೆಯ ವರ್ಷಕ್ಕೆ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕಂತೆ. ಬೇರೆ ಮಕ್ಕಳೆಲ್ಲ ನೀರು, ಪರಿಸರ, ಟ್ರಾಫಿಕ್ಕು ಅಂತ ಮರ್ಯಾದಸ್ಥ ವಿಷಯ ಆರಿಸಿಕೊಂಡಿದ್ದರೆ ಇವಳು ಆರಿಸಿಕೊಂಡಿದ್ದು ರಕ್ತ ಕುಡಿಯುವ ದೆವ್ವಗಳನ್ನು. ಕಥೆ ಹೀಗೆ: ಮರಳುಗಾಡಿನ ನಡುವೆ ಒಂದು ಊರು. ಬಿಸಿಲು ತಾಳಲಾರದೆ ಜನ ಎಲ್ಲ ಎಂದೋ ಬಿಟ್ಟು ಹೋಗಿದ್ದಾರೆ. ಉಳಿದಿರುವುದು ಒಂದು ಸಂಸಾರದಷ್ಟು ರಕ್ತಪಿಶಾಚಿಗಳು. ಬಿಸಿಲು ತಾಗಿದರೆ ಬೂದಿಯಾಗುವ ಈ ಪಿಶಾಚಿಗಳು ಬಿಸಿಲು ಬಿಟ್ಟರೆ ಬೇರೇನೂ ಇಲ್ಲದ ಊರಿನಲ್ಲಿ ಸಿಕ್ಕಿಹಾಕಿಕೊಂಡಿವೆ. ಕುಡಿಯೋಣವೆಂದರೆ ಒಂದು ನರಪಿಳ್ಳೆ ಇಲ್ಲ. ಅಲ್ಲಿಗೆ ಒಬ್ಬ ವಿಮೆ ಏಜೆಂಟ್ ದಾರಿ ತಪ್ಪಿ ಬರುತ್ತಾನೆ, ಬಂದವನು ಹೆದರುವುದು ಬಿಟ್ಟು ಸಾವೇ ಇಲ್ಲದ ಪಿಶಾಚಿಗಳಿಗೆ ಜೀವವಿಮೆ ಮಾರಲು ಕೂರುತ್ತಾನೆ. ಈ ಕಡೆಯ ಮಾತಿಗೆ ನನಗೆ ನಗು ಬಂದು ಗುಂಡುಸೂಜಿ ಉದುರಿದವು, ನನ್ನ ಬಿಗುವೂ ಅಲ್ಲಿಗೆ ಮುಗಿಯಿತು.

ಮರಳುಗಾಡನ್ನು ಎಲ್ಲಿಂದ ತರುತ್ತೀ ಅಂತ ಕೇಳಿದೆ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. ಮಾಕಳಿದುರ್ಗದ ಆಚೆ ಮುಚ್ಚಿಹೋದ ಒಂದು ಕಲ್ಲು ಕ್ವಾರಿಯಿದೆ. ಜಲ್ಲಿ ಕ್ರಷರ್ ನಡೆಯುತ್ತಿದ್ದಾಗಿನ ಬಿಳಿ ಪುಡಿ ದಿಬ್ಬ ದಿಬ್ಬವಾಗಿ ಬಿದ್ದಿದೆ. ಕ್ಯಾಮೆರಾ ಕೋನ ಸ್ವಲ್ಪ ತಗ್ಗಿಸಿದರೆ ಹಿಂದಿನ ನೀಲಗಿರಿ ತೋಪು ಕಾಣುವುದಿಲ್ಲ, ಮರಳುಗಾಡೇ. ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲು ಮಾಡುತ್ತಾಳಂತೆ.

ಇಷ್ಟು ಹೇಳಿ ಅವಳು ದನಿ ತಗ್ಗಿಸಿದಳು. "ಅಮ್ಮ, ತಾತಂಗೂ ಒಂದ್ ಪಾತ್ರ ಇದೆ."

ನಾನು ಹೊಲಿಗೆ ನಿಲ್ಲಿಸಿದೆ.

ಅವ್ವ ತೀರಿಕೊಂಡ ಮೇಲೆ ನನ್ನ ಅಪ್ಪ ನಮ್ಮ ಜೊತೆಯಲ್ಲೇ ಇದ್ದಾರೆ. ಹೊಲ ಉಳುವುದು ಅವರ ಕಸುಬು, ನಾಟಕ ಅವರ ಹುಚ್ಚು. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಯುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪದ್ಯ ಹೇಳಿಕೊಡುತ್ತಾರೆ. ಅಪ್ಪನದು ಯಾವಾಗಲೂ ರಾಜನ ಪಾತ್ರ, ಅದರಲ್ಲೂ ಕಡೆಗೆ ಸೋತು ಸಾಯುವ ಕೆಟ್ಟ ರಾಜ. ಮೈಕು ಕೈಕೊಟ್ಟರೂ ಅವರ ಪದ್ಯ ಆಚೆ ಊರಿನ ಕಣದವರೆಗೆ ಕೇಳಿಸುತ್ತಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ. ನಾನು ಚಿಕ್ಕವಳಿದ್ದಾಗ ಆ ದನಿ ಎಷ್ಟು ಸಲ ನನ್ನನ್ನು ನಿದ್ದೆಯಿಂದ ಎಬ್ಬಿಸಿತ್ತೋ. ಆಗ ಸಿಟ್ಟು ಬರುತ್ತಿತ್ತು.

ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವಕ್ಕೇನೂ ಅಪಾಯವಾಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದಿದ್ದು ಒಣಗಿದ ಜೋಳದ ಸೋಗೆ ಉಜ್ಜಿದಂಥ ಒಂದು ಪಿಸುಮಾತು. ದಿನಾ ಮಾತಾಡಿಸಿ, ಮಾತಾಡಿದಷ್ಟೂ ಇದು ಗಟ್ಟಿಯಾಗುತ್ತೆ, ಸುಮ್ಮನಿದ್ದರೆ ಇರುವುದೂ ಹೋಗುತ್ತೆ ಅಂತ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಆದರೆ ಅಪ್ಪ ಒಂದು ಸಲ ತಮ್ಮ ಹೊಸ ದನಿಯನ್ನು ತಾವೇ ಕೇಳಿಸಿಕೊಂಡರು, ಬಾಯಿ ಮುಚ್ಚಿದರು. ನೀರು ಬೇಕಾದರೆ ಲೋಟ ಕುಟ್ಟುವುದು, ನನ್ನನ್ನು ಕರೆಯಬೇಕಾದರೆ ಚಪ್ಪಾಳೆ. ಹಳೇ ನಾಟಕದ ಗೆಳೆಯರು ನೋಡಲು ಬಂದರೆ ಮುಸುಕು ಹಾಕಿಕೊಂಡು ಮಲಗಿಬಿಡುತ್ತಿದ್ದರು. ನಾನು ಬೇಡಿದೆ, ಬೈದೆ, ಊಟ ಬಡಿಸುವುದಿಲ್ಲ ಅಂತ ಹೆದರಿಸಿದೆ. ಒಂದೂ ನಡೆಯಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವರ ಮನೆಯಲ್ಲಿ ಇಂಥ ಅಪ್ಪ ಇದ್ದಿರಲಾರರು. ದಿನದಿನಕ್ಕೆ ಆ ಪಿಸುಮಾತೂ ಸವೆದುಹೋಗುತ್ತಿದೆ ಅನ್ನುವ ಭಯದಲ್ಲೇ ನಾನು ಮಿಷನ್ ತುಳಿಯುತ್ತಿದ್ದೆ.

ಮಗಳು ಅಪ್ಪನಿಗೆ ಇಟ್ಟಿದ್ದು ಪಿಶಾಚಿಗಳ ಯಜಮಾನನ ಪಾತ್ರ. "ನೂರಾರು ವರ್ಷದಿಂದ ಒಣಗಿರೋ ಗಂಟ್ಲು ಅಮ್ಮ. ಅವನು ಜೋರಾಗಿ ಮಾತಾಡಿದ್ರೇನೆ ಸುಳ್ಳು ಅನ್ಸುತ್ತೆ" ಅಂದಳು. ಗಾಯಕ್ಕೆ ಉಪ್ಪು ಸವರುವ ಕೆಲಸ ಮಾಡಬೇಡ ಅಂತ ರೇಗಿದೆ. ಅವಳು ಕೇಳಲಿಲ್ಲ. ಹೋಗಿ ತಾತನ ಮಂಚದ ಪಕ್ಕ ಕೂತು ಪೂರ್ತಿ ಕಥೆ ಹೇಳಿದಳು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಎರಡು ದಿನ ಹಾಗೇ ಕಳೆಯಿತು. ಮೂರನೆಯ ಬೆಳಗ್ಗೆ ಅವಳು ಕಾಲೇಜಿಗೆ ಹೊರಟಿದ್ದಾಗ ಅಪ್ಪ ಚಪ್ಪಾಳೆ ತಟ್ಟಿ ಕರೆದರು. ಸ್ನಾನ ಮಾಡಿ ಮಡಿ ಪಂಚೆ ಉಟ್ಟಿದ್ದರು. ಎರಡು ವೀಳ್ಯದೆಲೆ, ಅಡಿಕೆ, ಒಂದು ಮಡಿಸಿದ ನೋಟು ಅವಳ ಕೈಯಲ್ಲಿಟ್ಟರು. ತಾತ ರೈಲು ಚಾರ್ಜಿಗೆ ಕೊಟ್ಟರು ಅಂದುಕೊಂಡು ಇವಳು ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಂಡು ಓಡಿದಳು. ನಾನು ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡೆ. ನಮ್ಮ ಹಳ್ಳಿಯ ನಾಟಕದಲ್ಲಿ ಪಾತ್ರಧಾರಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರ ಬೇಕಾದವರೇ ವೀಳ್ಯದ ಜೊತೆ ದುಡ್ಡಿಟ್ಟು ಮೇಷ್ಟ್ರಿಗೆ ಕೊಡಬೇಕು. ಮೇಷ್ಟ್ರು ಅದನ್ನು ತೆಗೆದುಕೊಂಡರೆ ಪಾತ್ರ ಅವನದಾಯಿತು. ಆಮೇಲೆ ಆ ಪಾತ್ರದ ವೇಷ ಹೇಗೆ, ಪದ್ಯ ಎಷ್ಟು ಅನ್ನುವುದರಲ್ಲಿ ಮೇಷ್ಟ್ರ ಮಾತು ಅರ್ಧ, ದುಡ್ಡು ಕೊಟ್ಟವನ ಮಾತು ಅರ್ಧ. ಇದೊಂದೂ ತಿಳಿಯದ ನನ್ನ ಮಗಳು ತಾತನಿಗೆ ಪಿಶಾಚಿಯನ್ನು ಮಾರಿಬಿಟ್ಟಿದ್ದಳು. ಸಂಜೆ ಬಂದವಳಿಗೆ ತಾತ ಪಾತ್ರಕ್ಕೆ ಒಪ್ಪಿದ್ದಾರೆ ಅಂತಷ್ಟೇ ಹೇಳಿದೆ.

ಅದರ ಫಲ ಕಂಡಿದ್ದು ಶೂಟಿಂಗ್ ದಿನ. ಲೈನಿಂಗ್ ಬಟ್ಟೆಯಲ್ಲಿ ನಾನು ಹೊಲಿದ ಕರಿ ಮೇಲಂಗಿಗಳನ್ನು ಹೊತ್ತುಕೊಂಡು ಮಗಳ ಜೊತೆ ಬೆಳಗ್ಗೆಯೇ ಕ್ವಾರಿಗೆ ಹೋಗಿದ್ದೆ, ಅಪ್ಪ ಆಮೇಲೆ ಬರುವುದೆಂದಾಗಿತ್ತು. ಅವಳ ಕ್ಲಾಸಿನ ಹುಡುಗ ಹುಡುಗಿಯರೇ ಉಳಿದ ಪಿಶಾಚಿಗಳು. ಅವರು ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ರಕ್ತ ಮಾಡಿಕೊಂಡು ಬಂದಿದ್ದರು, ಕ್ಯಾಮೆರಾ ಜೋಡಿಸುವುದರೊಳಗೆ ಕಟ್ಟಿರುವೆ ಮುತ್ತಿಕೊಂಡು ಒಂದು ಪಿಶಾಚಿ ಅಂಗಿ ಕೊಡವಿಕೊಂಡು ಕುಣಿಯತೊಡಗಿತು. ನಾನು ಹತ್ತಿರದ ಹಳ್ಳಿಯ ಒಂದು ಮನೆಯಲ್ಲಿ ಅರಿಶಿನ, ಸುಣ್ಣ ಕೇಳಿ ತಂದು ನೀರಿಗೆ ಕದಡಿದೆ. ಆರತಿಗೆ ಮಾಡುವ ಅದೇ ಕೆಂಪುನೀರು. ಒಳ್ಳೇ ರಕ್ತವಾಯಿತು. ಕೊಟ್ಟ ಮನೆಯವರು ಏನಮ್ಮಾ ಸಮಾಚಾರ ಅಂತ ಹಿಂದೆಯೇ ಬಂದರು, ಅವರ ಹಿಂದೆ ಇನ್ನಷ್ಟು ಜನ. ಎಲ್ಲರೂ ಅಂಚಿನ ಬಂಡೆಗಳ ಮೇಲೆ ಸಾಲಾಗಿ ಕೂತರು.

ಆಗ ನಮ್ಮ ಬೀದಿಯ ಲಗೇಜ್ ಆಟೋ ಧೂಳೆಬ್ಬಿಸಿಕೊಂಡು ಬಂತು. ಅದರಿಂದ ಅಪ್ಪ ಇಳಿದರು. ತಲೆಗೆ ಕಿರೀಟ, ತೋಳಿಗೆ ಭುಜಕೀರ್ತಿ, ಮುಖಕ್ಕೆ ಗುಲಾಬಿ ಬಣ್ಣ, ಕಿವಿಯವರೆಗೆ ತಿರುವಿದ ಮೀಸೆ, ಹೆಗಲ ಮೇಲೆ ಗದೆ. ಯಾವ ಗೆಳೆಯರಿಗೆ ಮುಖ ತೋರಿಸದೆ ಮಲಗುತ್ತಿದ್ದರೋ ಅವರಲ್ಲೇ ಒಬ್ಬರಿಗೆ ಚೀಟಿ ಬರೆದು ಕಳಿಸಿ ವೇಷ ತರಿಸಿಕೊಂಡು, ಅವರ ಮನೆಯಲ್ಲೇ ಬಣ್ಣ ಹಚ್ಚಿಸಿಕೊಂಡು ಬಂದಿದ್ದರು. ಬಂಡೆಯ ಮೇಲಿನ ಜನ ಎದ್ದು ಕೈಮುಗಿದರು.

ಮಗಳ ಮುಖ ಬಿಳಿಚಿಕೊಂಡಿತು. ವ್ಯಾಂಪೈರ್ ಹಿಂಗಿರಲ್ಲ ತಾತ ಅಂತ ಮೆಲ್ಲಗೆ ಹೇಳಿನೋಡಿದಳು, ಕರಿ ಮೇಲಂಗಿ ತೋರಿಸಿದಳು. ಅಪ್ಪ ಮೇಲಂಗಿಯನ್ನು ತೆಗೆದುಕೊಂಡು ಭುಜಕೀರ್ತಿಯ ಮೇಲೆಯೇ ಹೊದ್ದುಕೊಂಡರು. ಕಿರೀಟಕ್ಕೆ ಕೈ ಹಾಕಲು ಬಿಡಲಿಲ್ಲ. ಅವಳು ಅಳುವ ಹಾಗೆ ನನ್ನತ್ತ ನೋಡಿದಳು. ವೀಳ್ಯ ಇಸಕೊಂಡಿದ್ದೀಯ, ಈಗ ಅನುಭವಿಸು ಅಂದೆ. ಅಷ್ಟರಲ್ಲಿ ವಿಮೆ ಏಜೆಂಟ್ ವೇಷದ ಹುಡುಗ ಅಪ್ಪನನ್ನು ನೋಡಿ ಬಿದ್ದು ಬಿದ್ದು ನಗತೊಡಗಿದ್ದ. ಅವನ ನಗು ನೋಡಿ ಇವಳಿಗೂ ಏನು ಹೊಳೆಯಿತೋ, ಹಾಗೇ ಇರಲಿ, ಮರಳುಗಾಡಿನ ಪಿಶಾಚಿಗೆ ಕಿರೀಟವೇ ಇರಲಿ ಅಂದುಬಿಟ್ಟಳು.

ಮಧ್ಯಾಹ್ನದವರೆಗೆ ಎಲ್ಲ ಸಲೀಸಾಗಿ ನಡೆಯಿತು. ಪಾಲಿಸಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು, ಏಜೆಂಟನ ಕುತ್ತಿಗೆ ಮೂಸುವುದು, ಎಲ್ಲವನ್ನೂ ಅಪ್ಪ ಬಾಯಿ ಬಿಡದೆ ಕಣ್ಣಲ್ಲೇ ಮಾಡಿದರು. ಬರೆದಿದ್ದ ಮಾತನ್ನು ಮಾತ್ರ ಆಡಲಿಲ್ಲ. ಮಗಳು ಒತ್ತಾಯಿಸಲಿಲ್ಲ. ನನಗೆ ಒಳಗೊಳಗೇ ನಿರಾಸೆ. ಕಡೆಗೆ ಸಾವಿನ ದೃಶ್ಯ ಬಂತು. ಬಿಸಿಲು ತಾಗಬೇಕು, ಪಿಶಾಚಿ ಕುಸಿಯಬೇಕು, ಅಷ್ಟೇ. ಕ್ಯಾಮೆರಾ ಶುರುವಾಯಿತು. ಅಪ್ಪ ಜಲ್ಲಿ ಪುಡಿಯ ದಿಬ್ಬ ಹತ್ತಿ ಬಿಸಿಲಿಗೆ ಮುಖ ಒಡ್ಡಿ ನಿಂತರು. ಬೀಳಲಿಲ್ಲ. ಗದೆ ಊರಿ, ಬಲಗೈ ಮುಂದೆ ಚಾಚಿ, ಪದ್ಯ ತೆಗೆದರು.

ನಮ್ಮ ನಾಟಕಗಳಲ್ಲಿ ಯಾವ ರಾಜನೂ ಪದ್ಯ ಹೇಳದೆ ಸತ್ತಿದ್ದಿಲ್ಲ. ಅಪ್ಪನ ತುಟಿ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಅಲ್ಲೇ ಪಕ್ಕದಲ್ಲಿದ್ದ ನನಗೆ ಕೇಳಿಸಿದ್ದು ಸೋಗೆಯ ಸದ್ದು, ಅದರೊಳಗೆ ಎಲ್ಲೋ ಎಳೆಯಷ್ಟು ರಾಗ. ನನಗೆ ನೋಡಲಾಗಲಿಲ್ಲ. ಆ ಗಂಟಲಿಗೆ ಈ ಗತಿ ಬಂತಲ್ಲ ಅನ್ನಿಸಿತು. ಪದ್ಯ ಮುಗಿಸಿ ಅಪ್ಪ ಸರಿಯಾಗಿ ಹಿಂದಕ್ಕೆ ಬಿದ್ದು ಸತ್ತರು.

ಬಂಡೆಯ ಮೇಲಿಂದ ಅಪ್ಪನ ವಾರಿಗೆಯ ಒಬ್ಬ ಮುದುಕರ ದನಿ ಬಂತು. "ಮಾರಾಜ್ರೇ, ಕೇಳಿಸ್ಲಿಲ್ಲ. ಒನ್ಸ್ ಮೋರ್."

ನನಗೆ ಮೈ ಉರಿದುಹೋಯಿತು. ಆಡಿಕೊಳ್ಳಲು ಇವರಿಗೆ ನನ್ನ ಅಪ್ಪನೇ ಬೇಕಿತ್ತೇ ಅಂತ ಸೆರಗು ಸಿಕ್ಕಿಸಿಕೊಂಡು ಹೊರಟೆ. ನಾಲ್ಕು ಮಾತು ಬಾಯಲ್ಲಿ ಸಿದ್ಧವಾಗಿದ್ದವು. ಅಷ್ಟರಲ್ಲಿ ಆ ಮುದುಕರು ಪಂಚೆ ಎತ್ತಿಕಟ್ಟಿ ಬಂಡೆ ಇಳಿದು ನನ್ನನ್ನು ದಾಟಿ ಹೋದರು. ಹೋಗಿ ದಿಬ್ಬದ ಬುಡದಲ್ಲಿ, ಅಪ್ಪನಿಗೆ ಕೈಯಳತೆಯಲ್ಲಿ, ಆ ಬಿಳಿ ಪುಡಿಯಲ್ಲೇ ಕೂತು ಕಿವಿಗೆ ಅಂಗೈ ಕೊಟ್ಟರು. ಅವರ ಹಿಂದೆ ಉಳಿದವರೂ ಇಳಿದರು. ಹೆಂಗಸರು ಮಕ್ಕಳ ಬಾಯಿಗೆ ಬೆರಳಿಟ್ಟು ಸುಮ್ಮನಾಗಿಸಿದರು. ಕ್ಯಾಮೆರಾ ಮುಂದೆ ಅಷ್ಟೂ ಜನ.

ನಮ್ಮಲ್ಲಿ ಒನ್ಸ್ ಮೋರ್ ಅಂದರೆ ಆಜ್ಞೆ. ಸತ್ತ ರಾಜನೂ ಎದ್ದು ಬಂದು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಅಪ್ಪ ಒಂದು ಕಣ್ಣು ತೆರೆದರು. ಜನ ಎಲ್ಲಿ ಕೂತಿದ್ದಾರೆಂದು ನೋಡಿದರು. ಎದ್ದು, ಕಿರೀಟ ನೆಟ್ಟಗೆ ಮಾಡಿಕೊಂಡು, ಮೊದಲ ಅಕ್ಷರದಿಂದ ಶುರು ಮಾಡಿದರು. ಈ ಸಲ ಅವಸರವಿಲ್ಲ. ದನಿ ಸಾಲದ ಕಡೆ ನಿಲ್ಲಿಸಿ, ಉಸಿರು ತುಂಬಿಕೊಂಡು, ಮುಂದುವರಿಸಿದರು. ಅವರು ನಿಂತಾಗ ಜನವೂ ಕಾದರು. ಕ್ಯಾಮೆರಾ ಹಿಡಿದ ಹುಡುಗ ನಿಲ್ಲಿಸಲು ಹೋದರೆ ನನ್ನ ಮಗಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಅಪ್ಪ ಸತ್ತರು, ಮತ್ತೆ ಒನ್ಸ್ ಮೋರ್ ಬಂತು, ಮತ್ತೆ ಎದ್ದು ಹಾಡಿ ಸತ್ತರು. ಅದಾದ ಮೇಲೂ ಕೂಗು ಬಂದಾಗ ಮಲಗಿದಲ್ಲಿಂದಲೇ ಕೈ ಅಡ್ಡ ಆಡಿಸಿದರು.

"ಸಾಕು ಕಣ್ರಪ್ಪ," ಅಂದರು. "ಸಾಯೋಕೂ ವಯಸ್ಸಾಯ್ತು."

ಆಪರೇಷನ್ ಆಗಿ ಬಾಯಿ ಮುಚ್ಚಿದ ಮೇಲೆ ಅವರು ಆಡಿದ ಮೊದಲ ಮಾತು ಅದು. ಜನ ನಕ್ಕರು. ಆ ಮುದುಕರು ಅಪ್ಪನ ಕೈ ಹಿಡಿದು ಎಬ್ಬಿಸಿ, ಬೆನ್ನಿಗೆ ಮೆತ್ತಿದ್ದ ಪುಡಿ ತಟ್ಟಿದರು.

ಸಿನಿಮಾ ಏನಾಯಿತು ಅಂತ ಕೇಳುವವರಿಗೆ ಹೇಳುತ್ತೇನೆ, ಚೆನ್ನಾಗಿಯೇ ಆಯಿತು. ಪಿಶಾಚಿಯ ಮೂರು ಸಾವುಗಳನ್ನೂ ಮಗಳು ಹಾಗೆಯೇ ಉಳಿಸಿಕೊಂಡಳು, ಕಿವಿಗೆ ಕೈಯಿಟ್ಟು ಕೂತ ಜನರನ್ನೂ ಸೇರಿಸಿಕೊಂಡಳು. ಮರಳುಗಾಡಿನ ಖಾಲಿ ಊರಿನಲ್ಲಿ ಅಷ್ಟು ಜನ ಎಲ್ಲಿಂದ ಬಂದರು ಅಂತ ಕಾಲೇಜಿನಲ್ಲಿ ಯಾರೂ ಕೇಳಲಿಲ್ಲವಂತೆ. ನಗುವುದರಲ್ಲಿ ಮರೆತರೋ ಏನೋ.

ನನಗೆ ಮಾತ್ರ ಆ ದಿನ ಅಂದರೆ ವಾಪಸು ಬಂದ ದಾರಿ ನೆನಪಾಗುತ್ತದೆ. ಲಗೇಜ್ ಆಟೋದ ಹಿಂದೆ ನಾನು, ಅಪ್ಪ, ಗದೆ, ಮೇಲಂಗಿಗಳ ಗಂಟು. ರಸ್ತೆ ಹಾಳು, ಗಾಡಿಯ ಸದ್ದು ಕಿವಿ ಒಡೆಯುವಂತಿತ್ತು. ಸ್ವಲ್ಪ ದೂರ ಬಂದ ಮೇಲೆ ನೋಡುತ್ತೇನೆ, ಅಪ್ಪನ ತುಟಿ ಆಡುತ್ತಿದೆ. ಯಾವಾಗಿನಿಂದ ಮಾತಾಡುತ್ತಿದ್ದರೋ ಗೊತ್ತಿಲ್ಲ. ಹತ್ತಿರ ಸರಿದು ಅವರ ಬಾಯಿಗೆ ಕಿವಿ ಕೊಟ್ಟೆ.

"ಇದೇನ್ ಹೊಲ್ದಿದೀಯವ್ವ," ಅನ್ನುತ್ತಿದ್ದರು ಮೇಲಂಗಿಯ ಅಂಚು ಹಿಡಿದು. "ಒಂದ್ಕಡೆ ಉದ್ದ, ಒಂದ್ಕಡೆ ಗಿಡ್ಡ. ಕಾಲಿಗ್ ತೊಡರ್ತಿತ್ತು..." ಉಳಿದದ್ದು ಸದ್ದಿನಲ್ಲಿ ಕೊಚ್ಚಿಹೋಯಿತು.

ನನ್ನ ಹೊಲಿಗೆಗೆ ಹೆಸರಿಟ್ಟವರನ್ನು ನಾನು ಇವತ್ತಿನವರೆಗೆ ಸುಮ್ಮನೆ ಬಿಟ್ಟವಳಲ್ಲ. ಡ್ರೈವರಿನ ಬೆನ್ನ ಹಿಂದಿನ ತಗಡನ್ನು ದಬದಬ ಬಡಿದು ಗಾಡಿ ನಿಲ್ಲಿಸು ಅಂದೆ. ಅವನು ಗಾಬರಿಯಿಂದ ಒಂದು ಹೊಂಗೆಮರದ ಕೆಳಗೆ ನಿಲ್ಲಿಸಿದ. ಇಂಜಿನ್ನೂ ಆಫ್ ಮಾಡಪ್ಪ ಅಂದೆ. ಮಾಡಿದ. ಅಪ್ಪ ಮೇಲಂಗಿಯ ಅಂಚು ಹಿಡಿದು ಮೊದಲಿನಿಂದ ಶುರು ಮಾಡಿದರು.