ಡಾಕ್ಟರ್ ಸ್ವೊಬೊಡನ ಹಾಜರಿ

ನೆಬ್ರಾಸ್ಕದ ಪ್ಲಮ್ ಕ್ರಾಸಿಂಗ್‌ನಲ್ಲಿ ಕಣ್ಣು ಮಂಜಾದವರಿಗೆ ಇರುವುದು ಒಂದೇ ಬಾಗಿಲು, ಲಮಾರ್ ಸ್ವೊಬೊಡನದು. ಅದು ಬಿಟ್ಟರೆ ಸುತ್ತ ನಲವತ್ತು ಮೈಲಿ ಮುಸುಕಿನ ಜೋಳದ ಹೊಲ. ಹಾಗಾಗಿ ಅವನ ಕೈಗುಣ ಹೇಗೆ ಎಂದು ಇಲ್ಲಿ ಯಾರೂ ವಿಚಾರಿಸುವುದಿಲ್ಲ. ಇದ್ದಾನಲ್ಲ, ಸಾಕು ಅನ್ನುತ್ತಾರೆ. ಅವನು ಕಣ್ಣಿಗೆ ಕತ್ತಿ ಹಾಕುವ ಡಾಕ್ಟರಲ್ಲ. ದೃಷ್ಟಿ ಅಳೆದು ಕನ್ನಡಕ ಬರೆದುಕೊಡುವವನು, ಒಳಗೆ ರೋಗವೇನಾದರೂ ಕಂಡರೆ ದೊಡ್ಡ ಊರಿನ ಆಸ್ಪತ್ರೆಗೆ ದಾಟಿಸುವವನು. ಕಂಡರೆ ಎಂಬ ಮಾತನ್ನು ಸ್ವಲ್ಪ ಒತ್ತಿ ಓದಿಕೊಳ್ಳಬೇಕು.

ಅವನಪ್ಪ ಹಂದಿ ಸಾಕುತ್ತಿದ್ದ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಅರ್ಧ ಊರು ಹಂದಿ ಸಾಕಿತು, ಉಳಿದರ್ಧ ಊರು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಅವನ್ನು ಕಡಿಯಿತು. ಆದರೆ ಲಮಾರ್ ಓದಿ ಬಂದ ಮೇಲೆ ಹಂದಿಯ ಮಾತೆತ್ತಿದವನಲ್ಲ. ಕಾರ್ಖಾನೆಯ ಮುಷ್ಕರದಲ್ಲಿ ನಾವು ಹನ್ನೊಂದು ವಾರ ಗೇಟಿನ ಮುಂದೆ ಹಿಮದಲ್ಲಿ ನಿಂತಾಗ, ಕಾರಿನ ಗಾಜು ಒಂದಿಂಚು ಇಳಿಸಿ, "ಎರಡೂ ಕಡೆ ನ್ಯಾಯ ಇದೆ ಕಣ್ರಪ್ಪಾ," ಅಂದು ಗಾಜು ಏರಿಸಿಕೊಂಡು ಹೋದ. ದಿನವಿಡೀ ಜನರ ಮೂಗಿನ ಮೇಲೆ ಗಾಜು ತಿರುವುತ್ತ "ಒಂದು ಚೆನ್ನಾಗಿದೆಯಾ, ಎರಡು ಚೆನ್ನಾಗಿದೆಯಾ?" ಎಂದು ಕೇಳಿ ಕೇಳಿ, ತಾನೇ ಒಂದನ್ನು ಆರಿಸುವ ಶಕ್ತಿ ಅವನಲ್ಲಿ ಬತ್ತಿಹೋಗಿತ್ತು.

ಆದರೆ ಅವನ ಗೋಡೆ ನೋಡಬೇಕಿತ್ತು. ಪರೀಕ್ಷೆಯ ಕುರ್ಚಿಯಲ್ಲಿ ಕೂತರೆ ಎದುರಿಗೆ ಪೂರ್ತಿ ಪ್ರಮಾಣಪತ್ರ. ಗ್ಲಾಕೋಮಾ ಕುರಿತು ಆರು ಗಂಟೆ, ಸಕ್ಕರೆ ಕಾಯಿಲೆಯ ಕಣ್ಣು ಕುರಿತು ನಾಲ್ಕು ಗಂಟೆ, ರೋಗಿಯೊಡನೆ ಅನುಕಂಪದಿಂದ ಮಾತಾಡುವುದು ಹೇಗೆ ಎಂಬುದಕ್ಕೆ ಒಂದು ಗಂಟೆ. ಎಲ್ಲಕ್ಕೂ ಚಿನ್ನದ ಬಣ್ಣದ ಚೌಕಟ್ಟು.

ಕಾನೂನು ಹಾಗಿದೆ. ಕಣ್ಣಿನ ಡಾಕ್ಟರು ಲೈಸೆನ್ಸ್ ಹೊಸದು ಮಾಡಿಸಿಕೊಳ್ಳಬೇಕಾದರೆ ಇಷ್ಟು ಗಂಟೆ ಪಾಠಕ್ಕೆ ಕೂತಿರಬೇಕು. ಒಳ್ಳೆಯ ಕಾನೂನೇ. ಮಾಂಸ ಕಡಿಯುವವರಿಗೇ ವರ್ಷಕ್ಕೊಮ್ಮೆ ಚಾಕು ಹಿಡಿಯುವ ಪಾಠ ಮಾಡುತ್ತಿದ್ದರು, ಕಣ್ಣು ಮುಟ್ಟುವವನಿಗೆ ಬೇಡವೇ? ಆದರೆ ಕಾನೂನು ಗಂಟೆಯನ್ನು ಎಣಿಸುತ್ತದೆ, ತಲೆಯೊಳಗೆ ಹೋದದ್ದನ್ನಲ್ಲ. ಲಮಾರನಿಗೆ ಇದು ಮೊದಲ ವರ್ಷವೇ ಅರ್ಥವಾಗಿತ್ತು. ಆಗ ಪಾಠಗಳು ಸರೋವರದ ದಂಡೆಯ ಹೋಟೆಲುಗಳಲ್ಲಿ ನಡೆಯುತ್ತಿದ್ದವು. ಕೊರಳಿಗೊಂದು ಬಿಲ್ಲೆ. ಬಾಗಿಲಲ್ಲಿ ಯಂತ್ರ ಅದನ್ನು ಓದಿ ಒಳಗೆ ಹೋಗುವಾಗ ಒಂದು ಸಲ ಕುಂಯ್ ಅನ್ನುತ್ತದೆ, ಹೊರಗೆ ಬರುವಾಗ ಇನ್ನೊಂದು ಸಲ. ನಡುವೆ ಅಡುಗೆಮನೆಯ ಬಾಗಿಲಿನಿಂದ ಗಾಲ್ಫ್ ಮೈದಾನಕ್ಕೆ ಹೋಗಿ ಬಂದರೆ ಯಂತ್ರಕ್ಕೇನು ಗೊತ್ತು? ಗ್ಲಾಕೋಮಾ ಕಲಿತು ಬಂದ ಲಮಾರನ ಕತ್ತಿನ ಹಿಂಭಾಗ ಬಿಸಿಲಿಗೆ ಕೆಂಪಗೆ ಸುಲಿದಿರುತ್ತಿತ್ತು.

ಆಮೇಲೆ ಪಾಠ ಕಂಪ್ಯೂಟರಿಗೆ ಬಂತು. ಪಾಠ ಏರ್ಪಡಿಸುವವರೂ ಹುಷಾರಾದರು. ಎರಡು ಗಂಟೆಯ ಪಾಠದಲ್ಲಿ ಮೂರು ಸಲ, ಹೇಳದೆ ಕೇಳದೆ, ಪರದೆಯ ಮೇಲೆ ಒಂದು ಪದ ಮೂಡುತ್ತದೆ. ಹೆಬ್ಬಾತು ಅಂತಲೋ, ಗಾಳಿಗಿರಣಿ ಅಂತಲೋ. ಅರೆ ನಿಮಿಷದೊಳಗೆ ಅದನ್ನು ಟೈಪ್ ಮಾಡದಿದ್ದರೆ ನೀವು ಎದ್ದುಹೋಗಿದ್ದೀರಿ ಎಂದರ್ಥ, ಹಾಜರಿ ಇಲ್ಲ. ಕೊನೆಗೊಂದು ಪರೀಕ್ಷೆ. ಪಾಠಗಳು ಬಹುಪಾಲು ಶನಿವಾರ. ನೆಬ್ರಾಸ್ಕದಲ್ಲಿ ಅಕ್ಟೋಬರ್ ತಿಂಗಳ ಶನಿವಾರ ಅಂದರೆ ಫುಟ್‌ಬಾಲು. ಆ ದಿನ ಸಾಯುವವರೂ ಆಟ ಮುಗಿಯಲಿ ಎಂದು ಕಾಯುತ್ತಾರೆ. ಲಮಾರ್ ಹೆಬ್ಬಾತು ಕಾಯುತ್ತ ಕೂರುವುದುಂಟೆ? ಅವನು ಯೂಲಾಳನ್ನು ಕೂರಿಸಿದ.

ಯೂಲಾ ಪಿವೋಂಕಾ ಅವನ ಮುಂದಿನ ಕೋಣೆಯವಳು. ಫೋನು ಎತ್ತುವುದು, ಫ್ರೇಮ್ ತೋರಿಸುವುದು, ಕಿವಿಗೆ ಒತ್ತುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿಕೊಡುವುದು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಓದಿದ್ದು ಹೈಸ್ಕೂಲು. "ಪದ ಬಂದಾಗ ಟೈಪ್ ಮಾಡು, ಉಳಿದದ್ದು ಕೇಳಬೇಡ, ತಲೆನೋವು," ಎಂದು ಲಮಾರ್ ಹೇಳಿದ್ದ. ಆದರೆ ಪದ ಯಾವಾಗ ಬರುತ್ತದೆ ಎಂದು ಗೊತ್ತಿಲ್ಲದಿದ್ದ ಮೇಲೆ ಎರಡು ಗಂಟೆಯೂ ನೋಡಲೇಬೇಕು. ನೋಡುತ್ತ ಸುಮ್ಮನಿರಲಾರದೆ ಯೂಲಾ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಐದು ವರ್ಷದಲ್ಲಿ ಏಳು ನೋಟ್‌ಬುಕ್ ತುಂಬಿದವು. ಪರೀಕ್ಷೆಯನ್ನೂ ಅವಳೇ ಬರೆಯುತ್ತಿದ್ದಳು. ಸೋಮವಾರ ಬೆಳಿಗ್ಗೆ ಲಮಾರ್ ಕೋಟು ಕಳಚುತ್ತ ಕೇಳುತ್ತಿದ್ದ:

"ಎಷ್ಟು ಬಂತು ಯೂಲಾ?"

"ಇಪ್ಪತ್ತಕ್ಕೆ ಹತ್ತೊಂಬತ್ತು, ಡಾಕ್ಟ್ರೇ. ನಿಮಗೆ."

"ಒಂದ್ಯಾಕೆ ಹೋಯ್ತು?"

ಇದು ಇಡೀ ಊರಿಗೆ ಗೊತ್ತಿತ್ತು. ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು. ನಮ್ಮ ತಪ್ಪೂ ಅಷ್ಟರಮಟ್ಟಿಗಿದೆ.

ಹೋದ ಅಕ್ಟೋಬರಿನ ಒಂದು ಶುಕ್ರವಾರ ಅಡೆಲ್ ಹ್ರೂಸ್ಕಾಳನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಅಡೆಲ್ ನನ್ನ ಪಕ್ಕದ ಮನೆಯವಳು. ವಯಸ್ಸು ಎಪ್ಪತ್ತಾರು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ತೊಡೆ ಮಾಂಸದಿಂದ ಮೂಳೆ ಬಿಡಿಸಿದವಳು, ಮುಷ್ಕರದಲ್ಲಿ ಗೇಟಿನ ಮುಂದಿನ ಸಾಲು ಬಿಡದವಳು. ಲಮಾರ್ ಮಗುವಾಗಿದ್ದಾಗ ಅವನ ಮೂಗು ಒರೆಸಿದವಳೂ ಹೌದು. ಅವಳ ಎಡಗಣ್ಣು ಕೈಕೊಟ್ಟಿತ್ತು.

ಪರೀಕ್ಷೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಹೊರಗೆ ಕೂತ ಆರೇಳು ಜನಕ್ಕೂ ಮಾತು ಕೇಳುತ್ತಿತ್ತು.

"ಒಂದು ಚೆನ್ನಾಗಿದೆಯಾ ಅಡೆಲಮ್ಮ, ಎರಡಾ?"

"ಎರಡೂ ಕತ್ತಲೆ."

"ಯಾವುದು ಕಮ್ಮಿ ಕತ್ತಲೆ?"

"ಲಮಾರ್, ಸೋಮವಾರದ ತನಕ ಈ ಕಣ್ಣಲ್ಲಿ ಕ್ಯಾಲೆಂಡರ್ ಓದ್ತಿದ್ದೆ ಕಣೋ. ಮಂಗಳವಾರ ಎದ್ದು ನೋಡಿದ್ರೆ ಕೆಳಗಡೆ ಅರ್ಧ ಮಣ್ಣು ಮುಚ್ಚಿದ ಹಾಗಿದೆ."

"ಹೋದ್ಸಲಾನೇ ಹೇಳಿದ್ನಲ್ಲ. ಪೊರೆ. ಈಗ ಬಲಿತಿದೆ, ಅಷ್ಟೇ."

"ಪೊರೆ ಒಂದೇ ರಾತ್ರೀಲಿ ಬಲಿಯುತ್ತಾ?"

"ಈ ವಯಸ್ಸಲ್ಲಿ ಗಮನಕ್ಕೆ ಬರೋದೇ ತಡ."

ಕಣ್ಣಿನ ಪಾಪೆ ಅಗಲಿಸುವ ಹನಿ ಹಾಕಿದ್ದರೆ ಹಿಂದಿನ ನರ ಕಾಣುತ್ತಿತ್ತು. ಆದರೆ ಹನಿ ಹಾಕಿದರೆ ಅರ್ಧ ಗಂಟೆ ಕಾಯಬೇಕು. ಲಮಾರ್ ಹಾಕಲಿಲ್ಲ. ಪೊರೆ ತೆಗೆಸಲು ನಗರದ ಆಸ್ಪತ್ರೆಗೆ ಚೀಟಿ ಬರೆದ, ಆರು ವಾರದ ನಂತರದ ದಿನ ಸಿಗಬಹುದು ಎಂದ, ಅಲ್ಲಿಯವರೆಗೆ ಬಲಗಣ್ಣಿಗೆ ಹೊಸ ಗಾಜು ಹಾಕಿಸಿಕೋ ಎಂದು ಯೂಲಾಳ ಬಳಿ ಕಳಿಸಿದ.

ಯೂಲಾ ಒಂದು ಫ್ರೇಮ್ ಬಿಡಿಸಿ ಅಡೆಲಳ ಮುಖಕ್ಕೆ ಏರಿಸಿದಳು. ಕಡ್ಡಿ ಎಡಗಡೆಯ ಕಣತಲೆಗೆ ತಾಗಿದ್ದೇ ತಡ, ಅಡೆಲ್ ಹಲ್ಲು ಕಚ್ಚಿ ತಲೆ ಹಿಂದಕ್ಕೆ ಎಳೆದುಕೊಂಡಳು. ಮಾಂಸದ ಚಾಕು ಅಂಗೈಗೆ ಇಳಿದಾಗಲೂ ಸದ್ದು ಮಾಡದ ಹೆಂಗಸು ಅವಳು.

ಯೂಲಾ ಫ್ರೇಮನ್ನು ಮೇಜಿನ ಮೇಲಿಟ್ಟಳು.

"ಎಷ್ಟು ದಿನದಿಂದ ಅಡೆಲಮ್ಮ, ಅಲ್ಲಿ ನೋವು?"

"ಒಂದು ತಿಂಗಳಾಯ್ತೇನೋ. ತಲೆ ಬಾಚಕ್ಕಾಗಲ್ಲ. ಅದಕ್ಕೇ ಹೀಗೆ ಕಾಗೆ ಗೂಡಿನ ಹಾಗಿದೆ."

"ಊಟ ಮಾಡುವಾಗ?"

"ಊಟಕ್ಕೇನು, ಮಾಡ್ತೀನಿ. ಮಾಂಸ ಬಿಟ್ಟಿದೀನಿ ಅಷ್ಟೇ. ನಾಲ್ಕು ಸಲ ಅಗಿಯೋದ್ರಲ್ಲಿ ದವಡೆ ಸೋತು ನೋಯುತ್ತೆ. ಹೊಸ ಹಲ್ಲು ಸೆಟ್ಟಿಂದು ತಪ್ಪು."

"ಮಂಗಳವಾರಕ್ಕೆ ಮುಂಚೆ ಯಾವಾಗ್ಲಾದ್ರೂ ಕಣ್ಣು ಕತ್ತಲೆ ಬಂದು ಮತ್ತೆ ಸರಿಹೋಗಿತ್ತಾ?"

ಅಡೆಲ್ ತಿರುಗಿ ನನ್ನ ಮುಖ ನೋಡಿದಳು. "ಎರಡು ಸಲ. ನಿನಗೂ ಹೇಳಿರಲಿಲ್ಲ. ನಿನಗೆ ಹೆಂಗೆ ಗೊತ್ತು ಯೂಲಾ?"

ಯೂಲಾ ಎದ್ದು ಹೋಗಿ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಳು.

"ಡಾಕ್ಟ್ರೇ, ಇದು ಪೊರೆ ಅಲ್ಲ. ಕಣತಲೆಯ ರಕ್ತನಾಳ ಊದಿಕೊಂಡಿರೋದು. ಕಣ್ಣಿಗೆ ರಕ್ತ ಹೋಗ್ತಿಲ್ಲ. ಆರು ವಾರ ಬಿಟ್ರೆ ಬಲಗಣ್ಣೂ ಹೋಗುತ್ತೆ. ಆರು ವಾರ ಯಾಕೆ, ಆರು ದಿನ ಸಾಕು. ಇವತ್ತೇ ಕಳಿಸ್ಬೇಕು."

ಲಮಾರ್ ಹೊರಗೆ ಬಂದ. ಜನ ನೋಡುತ್ತಿದ್ದರು. ಅವನು ಅನುಕಂಪದ ಒಂದು ಗಂಟೆಯ ದನಿ ತೆಗೆದ.

"ಯೂಲಾ, ನಿನ್ನ ಕೆಲಸ ಫ್ರೇಮ್ ತೋರಿಸೋದು. ಆ ಕಾಯಿಲೆ ಬಗ್ಗೆ ನಾನು ಎರಡು ಗಂಟೆ ಪಾಠಕ್ಕೆ ಕೂತಿದ್ದೀನಿ. ಸರ್ಟಿಫಿಕೇಟ್ ಗೋಡೆ ಮೇಲಿದೆ."

ಯೂಲಾ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡಳು. ಅವಳ ಗಂಡ ಸೊಂಟ ಮುರಿದುಕೊಂಡು ಲಾರಿ ಓಡಿಸುವುದು ಬಿಟ್ಟು ಎರಡು ವರ್ಷವಾಗಿತ್ತು. ಈ ಕೆಲಸ ಹೋದರೆ ಆ ಮನೆಯಲ್ಲಿ ಇನ್ನೊಂದಿಲ್ಲ.

"ಇದೆ ಡಾಕ್ಟ್ರೇ. ಹೋದ ವರ್ಷ ಅಕ್ಟೋಬರ್, ಮೂರನೇ ಶನಿವಾರ. ಆವತ್ತು ನೀವು ಕೂತಿದ್ದು ಸ್ಟೇಡಿಯಂನಲ್ಲಿ. ಪಾಠಕ್ಕೆ ಕೂತಿದ್ದು ನಾನು."

ಮೂಲೆಯಲ್ಲಿದ್ದ ಒಬ್ಬ ರೈತ ಪಕ್ಕದವನಿಗೆ, "ಆವತ್ತಿನ ಆಟಾನಾ? ಸೋತ್ವಲ್ಲ," ಎಂದ.

ಲಮಾರನ ಅವಸ್ಥೆ ನೋಡುವಂತಿತ್ತು. ಅವಳು ಹೇಳಿದ್ದು ಸರಿ ಅಂದರೆ ಪಾಠಕ್ಕೆ ತಾನು ಕೂತಿಲ್ಲ ಎಂದು ಒಪ್ಪಿದ ಹಾಗೆ. ತಪ್ಪು ಅಂದರೆ ಎದುರಿಗೆ ಕೂತಿರುವ ಹೆಂಗಸು ಕುರುಡಾಗಬಹುದು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಅವನನ್ನೇ ಯಾರೋ ಕುರ್ಚಿಯಲ್ಲಿ ಕೂರಿಸಿ ಒಂದಾ, ಎರಡಾ ಎಂದು ಕೇಳಿದ್ದರು.

ಆರಿಸಿದವಳು ಅಡೆಲ್. "ನಿಮ್ಮ ಸರ್ಟಿಫಿಕೇಟ್ ಜಗಳ ಆಮೇಲೆ ಮಾಡ್ಕೊಳ್ಳಿ. ನನಗೆ ಬಲಗಣ್ಣು ಬೇಕು. ಲಮಾರ್, ಆ ಹನಿ ಹಾಕೋ. ಹಾಕಿ ಒಳಗೆ ನೋಡು. ಅರ್ಧ ಗಂಟೆ ಇವರೆಲ್ಲ ಕಾಯ್ತಾರೆ."

ಎಲ್ಲರೂ ಕಾದರು. ಅರ್ಧ ಗಂಟೆಯ ನಂತರ ದೀಪ ಹಿಡಿದು ಬಗ್ಗಿ ನೋಡಿದ ಲಮಾರ್ ಬಹಳ ಹೊತ್ತು ಮೇಲೇಳಲಿಲ್ಲ. ಎಡಗಣ್ಣಿನ ಹಿಂದಿನ ನರ ಸುಣ್ಣದ ಹಾಗೆ ಬಿಳಿಚಿ ಊದಿತ್ತಂತೆ. ಎದ್ದು ಬಂದವನು ಆಸ್ಪತ್ರೆಗೆ ಫೋನು ಹಚ್ಚಿದ. ಆ ಕಡೆಯವರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಪ್ರತಿ ಪ್ರಶ್ನೆಗೂ ಫೋನಿಗೆ ಕೈ ಮುಚ್ಚಿ, "ಯೂಲಾ, ದವಡೆ ಎಷ್ಟು ದಿನದಿಂದ? ಯೂಲಾ, ಯಾವ ರಕ್ತಪರೀಕ್ಷೆ ಅಂದ್ರು ಅವತ್ತು?" ಯೂಲಾ ನೋಟ್‌ಬುಕ್ ಬಿಡಿಸಿ ಹಿಡಿದಳು. ಅವನು ಅದನ್ನು ನೋಡಿಕೊಂಡು ಗಂಭೀರ ದನಿಯಲ್ಲಿ ಓದಿ ಹೇಳಿದ.

ತೊಂಬತ್ತು ಮೈಲಿ ನಾನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ಅಡೆಲ್ ಬಲಗಣ್ಣು ಮುಚ್ಚಿ ತೆರೆದು, ಮುಚ್ಚಿ ತೆರೆದು, ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಬೋರ್ಡು ಬಿಟ್ಟರೂ ನಾನು ಕಾರಿನ ವೇಗ ಏರಿಸುತ್ತಿದ್ದೆ. ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಕೈಯ ರಕ್ತನಾಳಕ್ಕೆ ಸ್ಟಿರಾಯ್ಡ್ ಹತ್ತಿಸಿದರು. ಇನ್ನೆರಡು ದಿನ ತಡವಾಗಿದ್ದರೆ ಎರಡನೆಯದೂ ಹೋಗಬಹುದಿತ್ತು ಎಂದು ಅಲ್ಲಿನ ಡಾಕ್ಟರಮ್ಮ ಹೇಳಿದಳು. ಬಲಗಣ್ಣು ಉಳಿಯಿತು. ಎಡಗಣ್ಣು ಮರಳಿ ಬರಲಿಲ್ಲ. ಸೋಮವಾರದವರೆಗೆ ಇದ್ದದ್ದು ಮಂಗಳವಾರ ಹೋಯಿತು, ಯಾವ ಪಾಠವೂ ಅದನ್ನು ತಂದುಕೊಡಲಿಲ್ಲ.

ಲಮಾರ್ ಯೂಲಾಳನ್ನು ಕೆಲಸದಿಂದ ತೆಗೆಯಲಿಲ್ಲ. ಧೈರ್ಯವಿರಲಿಲ್ಲ. ಯೂಲಾ ಇನ್ನು ಶನಿವಾರ ಬರುವುದಿಲ್ಲ ಎಂದಳು. ಮುಂದಿನ ಪಾಠಕ್ಕೆ ಅವನೇ ಕೂತ. ಮೂರು ಪದಗಳಲ್ಲಿ ಎರಡು ಬಂದು ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಅವನು ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚೆಯ ಪೆಟ್ಟಿಗೆ ಹಿಡಿದು ಅಡೆಲಳ ಮನೆಗೆ ಬಂದ. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ವಸಂತದ ಸಮ್ಮೇಳನದಲ್ಲಿ ಅವನು ಭಾಷಣ ಮಾಡಬೇಕಂತೆ: ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ದೊಡ್ಡ ರೋಗ ಪತ್ತೆ ಹಚ್ಚಿದ ಬಗೆ. ಭಾಷಣ ಮಾಡಿದವನಿಗೆ ಕೇಳಿದವರಿಗಿಂತ ಹೆಚ್ಚು ಗಂಟೆ ಸಿಗುತ್ತದಂತೆ. ಅಡೆಲಳ ಕಣ್ಣಿನ ವಿಷಯವಾದ್ದರಿಂದ ಅವಳ ಒಪ್ಪಿಗೆಯ ಸಹಿ ಬೇಕು.

"ಕೊನೇ ಪುಟದಲ್ಲಿ ಒಂದು ಸಹಿ ಅಡೆಲಮ್ಮ, ಅಷ್ಟೇ."

"ಓದ್ತೀನಿ ತಡಿ."

ಅವಳು ಕಾಗದವನ್ನು ಬಲಗಡೆಗೆ ಹಿಡಿದು ಒಂದೊಂದೇ ಸಾಲು ಓದಿದಳು. ಮೂರನೆಯ ಪುಟದಲ್ಲಿ ನಿಂತಳು.

"'ರೋಗಿಗೆ ಅಗಿಯುವಾಗ ದವಡೆ ನೋಯುವುದೇ ಎಂದು ವೈದ್ಯರು ಸಕಾಲದಲ್ಲಿ ವಿಚಾರಿಸಿದ್ದರಿಂದ...' ಇದ್ಯಾವ ವೈದ್ಯರೋ ಲಮಾರ್?"

"ಅದು ಬರೆಯೋ ರೀತಿ ಹಾಗೆ."

"ಪೆನ್ ಕೊಡು."

ವೈದ್ಯರು ಎಂಬುದನ್ನು ಹೊಡೆದುಹಾಕಿ ಮೇಲೆ ಯೂಲಾ ಪಿವೋಂಕಾ ಎಂದು ಬರೆದಳು. ಕೊನೆಯ ಪುಟದಲ್ಲಿ ಸಹಿ ಹಾಕಿ ಕಾಗದ ಮುಂದೆ ತಳ್ಳಿದಳು.

"ಸಹಿ ಹಾಕಿದೀನಿ. ಹಿಂಗೇ ಓದೋದಾದ್ರೆ ಓದು."

"ಫ್ರೇಮ್ ತೋರಿಸೋಳಿಗೆ ಅದು ಹೆಂಗೆ ಗೊತ್ತಾಯ್ತು ಅಂತ ಕೇಳ್ತಾರೆ ಅಡೆಲಮ್ಮ."

"ಕೇಳ್ತಾರೆ. ಹೇಳು."

"ನನ್ನ ಲೈಸೆನ್ಸ್ ಕಥೆ ಏನು?"

"ನನ್ನ ಎಡಗಣ್ಣಿನ ಕಥೆ ಏನು?"

ಲಮಾರ್ ಕಾಗದ ನೋಡಿದ, ಕೊಲಾಚೆ ನೋಡಿದ. ಆಮೇಲೆ ಮೇಜಿನ ಪಕ್ಕದಿಂದ ಸದ್ದಿಲ್ಲದೆ ಬಾಗಿಲಿಗೆ ಹೋಗಿ, ಹೊರಗಿನಿಂದ ಎಳೆದುಕೊಂಡ.

ಅಡೆಲ್ ಇನ್ನೂ ಅವನು ನಿಂತಿದ್ದ ಕಡೆಗೇ ಮುಖ ಮಾಡಿ ಕೂತಿದ್ದಳು.

"ಹೋದನಾ? ಎಡಗಡೆಯಿಂದ ಹೋದ ಅಂತ ಕಾಣುತ್ತೆ, ಕಾಣಿಸಲಿಲ್ಲ."

"ಹೋದ."

"ಕಾಗದ ತಗೊಂಡನಾ?"

"ಕಾಗದ ಇಲ್ಲೇ ಇದೆ. ಕೊಲಾಚೆ ತಗೊಂಡು ಹೋದ."